ರಿಪೋರ್ಟಿನಲ್ಲಿ ಬರೆದ ‘ಗ್ರೂಪ್ ಎ’ ಏನು ಹೇಳುತ್ತದೆ?

ಗಂಟಲಿನ ಕಲ್ಚರ್ (ಗಂಟಲಿನಿಂದ ತೆಗೆದ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಪರೀಕ್ಷೆ) ರಿಪೋರ್ಟ್ ಕೈಗೆ ಸಿಕ್ಕ ಮೇಲೆ ನಮ್ಮ ಮೈಸೂರಿನ ಲ್ಯಾಬಿಗೆ ಫೋನ್ ಬರುತ್ತದೆ. ‘ಮೇಡಂ, ಗ್ರೂಪ್ ಎ ಅಂತಿದೆ, ಇದು ಬ್ಲಡ್ ಗ್ರೂಪಾ?’ ಅಲ್ಲ. ಮಗುವಿನ ರಕ್ತಕ್ಕೂ ಇದಕ್ಕೂ ಸಂಬಂಧವಿಲ್ಲ, ಇದು ಸ್ಟ್ರೆಪ್ಟೊಕಾಕಸ್ ಅನ್ನುವ ಬ್ಯಾಕ್ಟೀರಿಯಾದ ಗುಂಪು.

ಸ್ಟ್ರೆಪ್ಟೊಕಾಕಸ್‌ಗಳಲ್ಲಿ ತುಂಬಾ ಬಗೆ. ಕುರಿ ರಕ್ತ ಬೆರೆಸಿದ ಪ್ಲೇಟಿನಲ್ಲಿ ಬೆಳೆಸಿದರೆ ಕೆಲವು ಸುತ್ತಲಿನ ರಕ್ತಕಣಗಳನ್ನು ಪೂರ್ತಿ ಒಡೆದುಬಿಡುತ್ತವೆ, ಅಲ್ಲಿ ಬೆಳಕು ದಾಟುವಂಥ ತಿಳಿ ವಲಯ ಕಾಣುತ್ತದೆ. ಇವೇ ಬೀಟಾ ಜಾತಿಯವು. ಆದರೆ ಇಷ್ಟರಿಂದ ಯಾವುದು ಗಂಟಲು ನೋವಿನದು, ಯಾವುದು ಹಸುವಿನದು ಅಂತ ಗೊತ್ತಾಗುವುದಿಲ್ಲ. 1933ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ರೆಬೆಕಾ ಲ್ಯಾನ್ಸ್‌ಫೀಲ್ಡ್ ಇವನ್ನು ಆಸಿಡ್ಡಿನಲ್ಲಿ ಬಿಸಿ ಮಾಡಿ, ಹೊರಬಂದ ಸಾರವನ್ನು ಮೊಲದ ಆಂಟಿಸೀರಂ (ಆಂಟಿಬಾಡಿ ಇರುವ ರಕ್ತದ ತಿಳಿ) ಜೊತೆ ಸೇರಿಸಿ ನೋಡಿದರು. ಕೋಶಭಿತ್ತಿಯ ವಸ್ತು, ಹೆಚ್ಚಾಗಿ ಸಕ್ಕರೆ ಸರಪಳಿ, ಬೇರೆ ಬೇರೆ ಆಗಿತ್ತು. ಮನುಷ್ಯರ ರೋಗದಿಂದ ತೆಗೆದವು ಹೆಚ್ಚಾಗಿ ಎ, ಹಸುಗಳಿಂದ ತೆಗೆದವು ಬಿ, ಚೀಸಿನಿಂದ ಬಂದವು ಡಿ. ಕೋಶಭಿತ್ತಿಯ ಬರೀ ಒಂದು ವಸ್ತು, ಅದು ಎಲ್ಲಿಂದ ಬಂದ ಜೀವಿ ಅಂತ ಹೇಳಿಬಿಟ್ಟಿತು! ನನಗೆ ಇಂದಿಗೂ ಇದು ಬೆರಗೇ.

ಈಗ ಆಸಿಡ್ ಕುದಿಸುವುದಿಲ್ಲ. ಕಾಲೊನಿಯನ್ನು (ಪ್ಲೇಟಿನಲ್ಲಿ ಬೆಳೆದ ಬ್ಯಾಕ್ಟೀರಿಯಾದ ಚುಕ್ಕೆ) ಎಂಜೈಮಿನಲ್ಲಿ ಸ್ವಲ್ಪ ಹೊತ್ತು ಇಟ್ಟು, ಕಾರ್ಡಿನ ಒಂದೊಂದು ವೃತ್ತದಲ್ಲೂ ಬೇರೆ ಬೇರೆ ಗುಂಪಿನ ಆಂಟಿಬಾಡಿ ಹಚ್ಚಿದ ಲೇಟೆಕ್ಸ್ ಕಣಗಳ ಹನಿಗೆ ಬೆರೆಸಿ, ಕಾರ್ಡನ್ನು ಮೆಲ್ಲಗೆ ಓಲಾಡಿಸುತ್ತೇವೆ. ಒಂದು ವೃತ್ತದಲ್ಲಿ ಮಾತ್ರ ಹಾಲು ಒಡೆದ ಹಾಗೆ ಕಣ ಕಣ ಆಗುತ್ತದೆ. ಆ ವೃತ್ತದ ಅಕ್ಷರವೇ ಗುಂಪು, ಉಳಿದವು ನುಣ್ಣಗೇ ಇರುತ್ತವೆ.

ಆದರೆ ಅಕ್ಷರವನ್ನೇ ನಂಬಿ ಕೂರಬಾರದು. ಆಂಜಿನೋಸಸ್ ಅನ್ನುವ ಬೇರೆ ಬಗೆಯ ಸ್ಟ್ರೆಪ್ಟೊಕಾಕಸ್‌ಗಳಲ್ಲೂ ಎ, ಸಿ, ಎಫ್, ಜಿ ಆಂಟಿಜನ್ (ಆಂಟಿಬಾಡಿ ಗುರುತಿಸುವ ವಸ್ತು) ಕಾಣಿಸಬಹುದು. ಅವುಗಳ ಕಾಲೊನಿ ಸೂಜಿಮೊನೆಯಷ್ಟು ಚಿಕ್ಕದು, ಎಷ್ಟೋ ಸಲ ಪ್ಲೇಟ್ ತೆರೆದರೆ ಕ್ಯಾರಮೆಲ್ ವಾಸನೆ ಬರುತ್ತದೆ. ಪಿವೈಆರ್ ಅನ್ನುವ ಎಂಜೈಮ್ ಟೆಸ್ಟಿನಲ್ಲಿ ಗಂಟಲು ನೋವು ತರುವ ಗ್ರೂಪ್ ಎ ಬ್ಯಾಕ್ಟೀರಿಯಾ, ಅಂದರೆ ಪಯೋಜಿನಿಸ್, ಪಾಸಿಟಿವ್, ಇವು ನೆಗೆಟಿವ್. ನ್ಯುಮೋನಿಯಾ ತರುವ ನ್ಯುಮೊಕಾಕಸ್ಸಿಗಂತೂ ಈ ಅಕ್ಷರಗಳ ಲೆಕ್ಕವೇ ಇಲ್ಲ, ಅದನ್ನು ಹೊರಕವಚ ನೋಡಿ ವಿಂಗಡಿಸುತ್ತಾರೆ.

ಗ್ರೂಪ್ ಎ ಒಳಗೂ ಇನ್ನೊಂದು ವಿಂಗಡಣೆ ಇದೆ, ಮೇಲ್ಮೈಯ ಎಂ ಪ್ರೋಟೀನಿನದು. 200ಕ್ಕೂ ಜಾಸ್ತಿ ಬಗೆ ಗೊತ್ತಾಗಿದೆ. ಒಂದರ ವಿರುದ್ಧ ಬಂದ ರೋಗನಿರೋಧಕ ಶಕ್ತಿ ಇನ್ನೊಂದರ ವಿರುದ್ಧ ಅಷ್ಟಾಗಿ ನಡೆಯುವುದಿಲ್ಲ, ಅದಕ್ಕೇ ಅದೇ ಮಗುವಿಗೆ ಮತ್ತೆ ಮತ್ತೆ ಗಂಟಲು ನೋವು ಬರಬಹುದು. ಈ ಪ್ರೋಟೀನಿನ ಕೆಲವು ಭಾಗ ನಮ್ಮ ಹೃದಯದ ಪ್ರೋಟೀನನ್ನು ಹೋಲುತ್ತದೆ. ಆಂಟಿಬಾಡಿಗಳು ಅದನ್ನೂ ಶತ್ರು ಅಂದುಕೊಂಡರೆ ರುಮ್ಯಾಟಿಕ್ ಜ್ವರ, ಹೃದಯದ ಕವಾಟಕ್ಕೆ ಹಾನಿ. ನೋವು ಶುರುವಾದ 9 ದಿನದೊಳಗೆ ಪೆನಿಸಿಲಿನ್ ಕೊಟ್ಟರೂ ಇದನ್ನು ತಡೆಯಬಹುದು. ಮೂರನೇ ದಿನ ನೋವು ಹೋಯಿತು ಅಂತ ಮಾತ್ರೆ ನಿಲ್ಲಿಸುವವರನ್ನು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಮಾತ್ರೆಯಾದರೆ ಪೂರ್ತಿ 10 ದಿನ ಬೇಕು.

ಇನ್ನು ಗ್ರೂಪ್ ಬಿ. ಮಂಡ್ಯದ ಹಾಲಿನ ಮನೆಗಳವರಿಗೆ ಕೆಚ್ಚಲು ಬಾವು ಗೊತ್ತೇ ಇದೆ, ಅದರ ಕಾರಣಗಳಲ್ಲಿ ಇದೂ ಒಂದು. ಹೆಂಗಸರ ದೇಹದಲ್ಲಿ ಇದು ಯಾವ ತೊಂದರೆಯನ್ನೂ ಕೊಡದೆ ಇರಬಹುದು, ಆದರೆ ಹೆರಿಗೆಯಲ್ಲಿ ಮಗುವಿಗೆ ಅಂಟಿದರೆ ನಂಜು, ಮೆದುಳು ಪೊರೆಯ ಉರಿಯೂತ ತರಬಲ್ಲದು. ಗೊತ್ತಿದ್ದರೆ ಹೆರಿಗೆ ನೋವು ಶುರುವಾದಾಗಲೇ ತಾಯಿಗೆ ಪೆನಿಸಿಲಿನ್ ಇಂಜೆಕ್ಷನ್ ಕೊಡುತ್ತಾರೆ. ನಮ್ಮ ಕಡೆ ಹೆರಿಗೆಗೆ ತವರಿಗೆ ಹೋಗುತ್ತಾರಲ್ವಾ, ಅಲ್ಲಿನ ಡಾಕ್ಟರಿಗೆ ಇದು ಗೊತ್ತಿರುವುದಿಲ್ಲ. ಮೂತ್ರದ ಕಲ್ಚರಿನಲ್ಲಿ ಗ್ರೂಪ್ ಬಿ ಅಂತ ಬಂದಿದ್ದರೆ ಆ ರಿಪೋರ್ಟನ್ನು ತಾಯಿ ಕಾರ್ಡಿನ ಒಳಗೇ ಇಟ್ಟುಕೊಂಡು ಹೋಗಿ.