ತಾಯಿಗಿಡ ಕಾಣದ ಸಸಿ

ಹೋದ ಮಳೆಗಾಲದಲ್ಲಿ ಮೂಡಿಗೆರೆ ಕಡೆಯ ಯುವಕನೊಬ್ಬ ಚಿಕ್ಕಮಗಳೂರಿನ ನಮ್ಮ ಪ್ರಯೋಗಾಲಯಕ್ಕೆ ಬಂದು, ಒದ್ದೆ ಕೊಡೆಯನ್ನು ಬಾಗಿಲ ಬಳಿ ಒರಗಿಸಿಟ್ಟು, ತಂದೆಯ ಬಯಾಪ್ಸಿ ವರದಿಯನ್ನು ನನ್ನ ಮುಂದೆ ಚಾಚಿದ. ಲಿವರ್‌ನಲ್ಲಿ ನಾಲ್ಕಾರು ಗಡ್ಡೆಗಳು, ಹೊಟ್ಟೆಯ ದುಗ್ಧಗ್ರಂಥಿಗಳಲ್ಲೂ ಊತ. "ಎಲ್ಲರೂ ಲಿವರ್ ಕ್ಯಾನ್ಸರ್ ಎನ್ನುತ್ತಿದ್ದಾರೆ. ನೀವು ಬೇರೆಡೆಯಿಂದ ಬಂದದ್ದು ಎಂದು ಬರೆದಿದ್ದೀರಿ. ಎಲ್ಲಿಂದ ಸಾರ್?"

ನನಗೂ ಗೊತ್ತಿರಲಿಲ್ಲ.

ಕ್ಯಾನ್ಸರ್ ಎಲ್ಲಿಗೆ ಹೋದರೂ ಹುಟ್ಟಿದ ಅಂಗದ ಗುಣವನ್ನು ಬಹುಮಟ್ಟಿಗೆ ಹೊತ್ತೇ ಹೋಗುತ್ತದೆ. ಸ್ತನದಿಂದ ಮೂಳೆಗೆ ಹರಡಿದ್ದು ಮೂಳೆ ಕ್ಯಾನ್ಸರ್ ಅಲ್ಲ, ಸ್ತನ ಕ್ಯಾನ್ಸರೇ, ಔಷಧಿಯೂ ಅದರದೇ. ಮೂಲವನ್ನು ಹುಡುಕುವುದು ಇದಕ್ಕಾಗಿ. ನೂರು ಕ್ಯಾನ್ಸರ್ ರೋಗಿಗಳಲ್ಲಿ ಸುಮಾರು 2ರಿಂದ 5 ಮಂದಿಯಲ್ಲಿ ಎಷ್ಟು ಹುಡುಕಿದರೂ ಅದು ಸಿಗುವುದಿಲ್ಲ. ಮೊದಲ ಗಡ್ಡೆ ಸ್ಕ್ಯಾನ್‌ಗೆ ಕಾಣದಷ್ಟು ಚಿಕ್ಕದಾಗಿರಬಹುದು, ದೇಹದ ರೋಗನಿರೋಧಕ ಶಕ್ತಿಯೇ ಅದನ್ನು ಅಳಿಸಿಹಾಕಿರಲೂಬಹುದು. ಮರಣೋತ್ತರ ಪರೀಕ್ಷೆಯಲ್ಲೂ ಮೂಲ ಕಾಣದ ಪ್ರಕರಣಗಳಿವೆ.

ಮೆಣಸಿನ ಬಳ್ಳಿಯ ಬುಡದಲ್ಲಿ ತಾನಾಗಿ ಎದ್ದ ಕಾಫಿ ಸಸಿಯನ್ನು ತೋಟದವರು ನೋಡಿಯೇ ಇರುತ್ತಾರೆ. ಹಣ್ಣು ತಿಂದ ಹಕ್ಕಿಯೋ ಕಾಡುಬೆಕ್ಕೋ ಬೀಜ ಉದುರಿಸಿರಬೇಕು. ಯಾವ ಗಿಡದ ಬೀಜವೆಂದು ಹೇಳಲಾಗದು. ಆದರೆ ಎಲೆ ನೋಡಿದರೆ ಅರೇಬಿಕಾವೋ ರೊಬಸ್ಟಾವೋ ತಿಳಿಯುತ್ತದೆ. ಗಡ್ಡೆಯ ಜೀವಕೋಶಗಳಲ್ಲಿರುವ ಪ್ರೋಟೀನ್‌ಗಳಿಗೆ ಬಣ್ಣ ಹಿಡಿಸಿ ನೋಡುವ ಇಮ್ಯುನೊಹಿಸ್ಟೊಕೆಮಿಸ್ಟ್ರಿ ಎಂಬ ಬಣ್ಣದ ಪರೀಕ್ಷೆಯಲ್ಲಿ ನಾವು ನೋಡುವುದೂ ಇಂಥ ಎಲೆಯನ್ನೇ. ಟಿಟಿಎಫ್-1 ಎಂಬ ಪ್ರೋಟೀನ್ ಬಣ್ಣ ಹಿಡಿದರೆ ಶ್ವಾಸಕೋಶ ಅಥವಾ ಥೈರಾಯ್ಡ್‌ನತ್ತ ನೋಡುತ್ತೇವೆ. ಸಿಕೆ20 ಮತ್ತು ಸಿಡಿಎಕ್ಸ್2 ಎಂಬ ಪ್ರೋಟೀನ್‌ಗಳೆರಡೂ ಹಿಡಿದರೆ ದೊಡ್ಡಕರುಳಿನತ್ತ. ಇವು ಸುಳಿವುಗಳು, ಪ್ರಮಾಣಪತ್ರಗಳಲ್ಲ. ರಕ್ತದಲ್ಲಿ ಕ್ಯಾನ್ಸರ್‌ನ ಸುಳಿವು ಕೊಡುವ ಟ್ಯೂಮರ್ ಮಾರ್ಕರ್‌ಗಳನ್ನಂತೂ ಒಂಟಿಯಾಗಿ ನಂಬಲೇಬಾರದು.

ಯಂತ್ರಕ್ಕಿಂತ ಮೊದಲು ಕೈ ಮುಟ್ಟಿ ನೋಡಬೇಕು. ನಾಚಿಕೆಯಿಂದ ಸ್ತನ, ವೃಷಣ, ಗುದದ್ವಾರಗಳ ತಪಾಸಣೆ ತಪ್ಪಿಹೋಗುವುದುಂಟು. ಹೆಂಗಸಿನ ಕಂಕುಳಲ್ಲಷ್ಟೇ ಅಡಿನೋಕಾರ್ಸಿನೋಮ, ಅಂದರೆ ಗ್ರಂಥಿ ಬಗೆಯ ಜೀವಕೋಶಗಳ ಕ್ಯಾನ್ಸರ್, ಸಿಕ್ಕಿದರೆ, ಸ್ತನದಲ್ಲಿ ಏನೂ ಕಾಣದಿದ್ದರೂ, ಸ್ತನ ಕ್ಯಾನ್ಸರ್ ಎಂದೇ ಚಿಕಿತ್ಸೆ ಕೊಡುತ್ತಾರೆ, ಫಲಿತಾಂಶವೂ ಚೆನ್ನಾಗಿರುತ್ತದೆ. ಎಲೆಯಡಿಕೆ, ತಂಬಾಕು ಹಾಕುವವರ ಕತ್ತಿನಲ್ಲಿ ಗಟ್ಟಿ ಗಂಟು ಎದ್ದರೆ ಬಾಯಿ, ಟಾನ್ಸಿಲ್, ನಾಲಗೆಯ ಬುಡವನ್ನು ನೋಡಲೇಬೇಕು. ಅಂಥ ಗಂಟಿಗೆ ಸೂಜಿ ಪರೀಕ್ಷೆಯನ್ನೂ ಮಾಡದೆ ತಿಂಗಳುಗಟ್ಟಲೆ ಕ್ಷಯದ ಮಾತ್ರೆ ನುಂಗಿಸಿದ್ದನ್ನು ಕಂಡಾಗ ನನಗೆ ಸಿಟ್ಟು ಬರುತ್ತದೆ. "ಸೂಜಿ ಹಾಕಿದರೆ ಹರಡುತ್ತದಂತೆ" ಎಂದು ಹೆದರಿ ತಪ್ಪಿಸಿಕೊಳ್ಳುವವರೂ ಇದ್ದಾರೆ. ಸೂಜಿಯಿಂದ ಹರಡುವುದು ತೀರಾ ಅಪರೂಪ. ಸೂಜಿ ಹಾಕದೆ ಕಳೆದ ಕಾಲದಲ್ಲಿ ಹರಡುವುದು ಅಪರೂಪವಲ್ಲ.

ಆದರೆ ಹುಡುಕಾಟಕ್ಕೂ ಒಂದು ಕೊನೆ ಇರಬೇಕು. ತಪಾಸಣೆ, ಎದೆ ಮತ್ತು ಹೊಟ್ಟೆಯ ಸಿಟಿ ಸ್ಕ್ಯಾನ್, ಬಣ್ಣದ ಪರೀಕ್ಷೆ ಮುಗಿದ ಮೇಲೆ, ಚಿಕಿತ್ಸೆಯನ್ನು ಬದಲಿಸಬಲ್ಲ ಪರೀಕ್ಷೆ ಮಾತ್ರ ಮಾಡಿಸಿದರೆ ಸಾಕು. ಸಾಲ ಮಾಡಿ ಊರೂರು ಸುತ್ತುವ ಹೊತ್ತಿಗೆ ರೋಗಿ ಕೀಮೋ ತಡೆದುಕೊಳ್ಳುವ ಶಕ್ತಿಯನ್ನೇ ಕಳೆದುಕೊಂಡಿರುತ್ತಾನೆ. ಹೆಚ್ಚಿನವರಲ್ಲಿ ಈ ಕಾಯಿಲೆ ಕಠಿಣವೇ, ಉಳಿಯುವ ಆಯುಷ್ಯವನ್ನು ಹಲವು ಬಾರಿ ತಿಂಗಳುಗಳಲ್ಲಿ ಎಣಿಸಬೇಕಾಗುತ್ತದೆ. ನೋವು ಶಮನದ ಆರೈಕೆ ಕೊನೆಗಲ್ಲ, ಮೊದಲ ದಿನದಿಂದಲೇ ಶುರುವಾಗಬೇಕು.

ಆ ಯುವಕನಿಗೆ ವರದಿಯ ಜೊತೆ ತಂದೆಯ ಅಂಗಾಂಶವಿದ್ದ ಮೇಣದ ಬ್ಲಾಕ್ ಮತ್ತು ಗಾಜಿನ ಸ್ಲೈಡ್‌ಗಳನ್ನೂ ಕಟ್ಟಿಕೊಟ್ಟೆ. ಬೆಂಗಳೂರಿಗೆ ಬರೀ ಕಾಗದ ಹಿಡಿದು ಹೋದವರಿಗೆ ಮತ್ತೆ ಸೂಜಿ ತಪ್ಪುವುದಿಲ್ಲ. ಅಲ್ಲಿ ಸಿಕೆ20, ಸಿಡಿಎಕ್ಸ್2 ಎರಡೂ ಬಣ್ಣ ಹಿಡಿದವು. ದೊಡ್ಡಕರುಳಿನೊಳಗೆ ಕ್ಯಾಮೆರಾ ಕೊಳವೆ ಹಾಕಿ ನೋಡುವ ಕೊಲೊನೋಸ್ಕೋಪಿಯಲ್ಲಿ ಏನೂ ಕಾಣಲಿಲ್ಲ. ಆದರೂ ದೊಡ್ಡಕರುಳಿನ ಕ್ಯಾನ್ಸರ್‌ಗೆ ಕೊಡುವ ಕೀಮೋವನ್ನೇ ಶುರು ಮಾಡಿದರು. ಕೊಯ್ಲಿನ ಹೊತ್ತಿಗೆ ಅವನು ಫೋನ್ ಮಾಡಿದ್ದ: ಗಡ್ಡೆಗಳು ಸ್ವಲ್ಪ ಕುಗ್ಗಿವೆ, ಅಪ್ಪ ಕಣದಲ್ಲಿ ಕುರ್ಚಿ ಹಾಕಿಸಿಕೊಂಡು ಕಾಫಿ ಹರವುವವರನ್ನು ಗದರುತ್ತಿದ್ದಾರೆ.