ನೋಡಿ ಮಾಡುವುದೋ, ಓದಿ ಮಾಡುವುದೋ?

ಲ್ಯಾಪ್‌ಟಾಪಿನ ಮುಚ್ಚಳ ಬಿಚ್ಚಿ ಕೀಬೋರ್ಡ್ ಬದಲಿಸುವ ಕೆಲಸವನ್ನೇ ತೆಗೆದುಕೊಳ್ಳಿ. ಒಳಗೆ ಕಾಗದದಷ್ಟು ತೆಳ್ಳಗಿನ ರಿಬ್ಬನ್ ಕೇಬಲ್ಲೊಂದು ಪುಟ್ಟ ಕನೆಕ್ಟರಿನಲ್ಲಿ ಸಿಕ್ಕಿಕೊಂಡಿರುತ್ತದೆ. ಕನೆಕ್ಟರಿನ ಅಂಚಿಗೆ ಒಂದೆರಡು ಮಿಲಿಮೀಟರ್ ಅಗಲದ ಪ್ಲಾಸ್ಟಿಕ್ ಪಟ್ಟಿ. ಕೆಲವದರಲ್ಲಿ ಅದನ್ನು ಉಗುರಿನಿಂದ ಮೆಲ್ಲಗೆ ಮೇಲಕ್ಕೆ ಎತ್ತಬೇಕು, ಇನ್ನು ಕೆಲವದರಲ್ಲಿ ಎರಡೂ ತುದಿ ಹಿಡಿದು ಹೊರಕ್ಕೆ ಜಾರಿಸಬೇಕು. ಗೊತ್ತಿಲ್ಲದೆ ಎಳೆದರೆ ಪಟ್ಟಿ ಮುರಿದು ಕೈಗೆ ಬರುತ್ತದೆ. ‘ಲಾಕ್ ಸಡಿಲಿಸಿ ಕೇಬಲ್ ಹೊರತೆಗೆಯಿರಿ’ ಎನ್ನುತ್ತದೆ ಕೈಪಿಡಿ. ವಾಕ್ಯ ಸರಿಯಾಗಿಯೇ ಇದೆ. ಆದರೆ ಉಗುರು ಎಲ್ಲಿ ಊರಬೇಕು, ಯಾವ ಕಡೆಗೆ ಎತ್ತಬೇಕು, ಎಷ್ಟು ಹಗುರವಾಗಿ ಎನ್ನುವುದು ಅದರಲ್ಲಿಲ್ಲ. ಮೂರು ಸೆಕೆಂಡಿನ ವಿಡಿಯೊದಲ್ಲಿ ಅಷ್ಟೂ ಕಾಣುತ್ತದೆ.

ಅದೇ ಮುಚ್ಚಳದ ಸ್ಕ್ರೂಗಳ ಕತೆ ಬೇರೆ. ಕೆಲವು ಉದ್ದ, ಕೆಲವು ಗಿಡ್ಡ. ವ್ಯತ್ಯಾಸ ಕಂಡೂ ಕಾಣದಷ್ಟು. ಗಿಡ್ಡ ಸ್ಕ್ರೂ ಇರಬೇಕಾದ ಕಡೆ ಉದ್ದದ್ದನ್ನು ತಿರುಗಿಸಿದರೆ ಅದು ಒಳಗಿನ ಬೋರ್ಡಿಗೇ ಚುಚ್ಚಬಹುದು. ಯಾವ ತೂತಿಗೆ ಯಾವುದು ಎಂದು ವಿಡಿಯೊ ನೋಡಿ ತಿಳಿಯಲು ಹೊರಟರೆ ಅದನ್ನು ಹಿಂದಕ್ಕೆ ಮುಂದಕ್ಕೆ ಎಳೆಯುತ್ತಲೇ ಕೂರಬೇಕು. ಮುಚ್ಚಳದ ಒಂದು ಚಿತ್ರ, ಪ್ರತಿ ತೂತಿನ ಪಕ್ಕ ಸ್ಕ್ರೂವಿನ ಅಳತೆ, ಇಷ್ಟಿದ್ದರೆ ಸಾಕು.

ಒಂದೇ ಮೇಜಿನ ಮೇಲೆ, ಅರ್ಧ ಗಂಟೆಯ ಒಂದೇ ಕೆಲಸದಲ್ಲಿ ಎರಡೂ ಬೇಕಾದವು. ಹಾಗಾಗಿ ‘ವಿಡಿಯೊ ಒಳ್ಳೆಯದೋ ಬರಹ ಒಳ್ಳೆಯದೋ’ ಎಂದು ಇಡೀ ಉಪಕರಣದ ಬಗ್ಗೆ ಒಟ್ಟಾಗಿ ಕೇಳಿದರೆ ಉತ್ತರ ಸಿಗುವುದಿಲ್ಲ. ಒಂದೊಂದು ಹೆಜ್ಜೆಯನ್ನೂ ಎತ್ತಿಕೊಂಡು, ಇಲ್ಲಿ ನನಗೆ ತಿಳಿಯಬೇಕಾದದ್ದು ಒಂದು ಚಲನೆಯೋ ಅಥವಾ ಒಂದು ಹೆಸರು, ಅಂಕಿ, ಕ್ರಮವೋ ಎಂದು ಕೇಳಿಕೊಳ್ಳಬೇಕು. ಮನಸ್ಸು ಇವೆರಡನ್ನೂ ಹಿಡಿದಿಟ್ಟುಕೊಳ್ಳುವ ರೀತಿಯೇ ಬೇರೆ ಬೇರೆ.

ನಾವು ಕೆಲಸ ಮಾಡುತ್ತಿರುವಾಗ ವಿಷಯವನ್ನು ಕ್ಷಣಕಾಲ ಇರಿಸಿಕೊಳ್ಳುವ ತಾತ್ಕಾಲಿಕ ನೆನಪಿಗೆ ವರ್ಕಿಂಗ್ ಮೆಮೊರಿ ಎನ್ನುತ್ತಾರೆ. ಅದರಲ್ಲಿ ಜಾಗ ತೀರಾ ಕಡಿಮೆ. 1956ರಲ್ಲಿ ಜಾರ್ಜ್ ಮಿಲ್ಲರ್ ಎಂಬ ಮನೋವಿಜ್ಞಾನಿ ತಕ್ಷಣದ ನೆನಪಿನಲ್ಲಿ ಸುಮಾರು ಏಳು ಸಂಗತಿಗಳು ಹಿಡಿಯುತ್ತವೆ ಎಂದಿದ್ದರು. 2001ರಲ್ಲಿ ನೆಲ್ಸನ್ ಕೋವನ್ ಲೆಕ್ಕವನ್ನು ಪರಿಶೀಲಿಸಿ ಅದನ್ನು ನಾಲ್ಕರ ಆಸುಪಾಸಿಗೆ ಇಳಿಸಿದರು. ವಿಡಿಯೊ ಓಡುತ್ತಿರುವಾಗ ಈಗಷ್ಟೇ ಕಂಡದ್ದು ಪರದೆಯಿಂದ ಮಾಯವಾಗಿರುತ್ತದೆ. ಅದನ್ನು ಈ ಇಕ್ಕಟ್ಟಿನಲ್ಲೇ ಹಿಡಿದಿಟ್ಟುಕೊಂಡು, ಮುಂದೆ ಬರುವುದನ್ನೂ ನೋಡಬೇಕು. ಮನಸ್ಸಿನ ಮೇಲೆ ಒಮ್ಮೆಲೇ ಹೆಚ್ಚು ಭಾರ ಬಿದ್ದರೆ ಕಲಿಕೆ ಕುಂಟುತ್ತದೆ ಎನ್ನುವ ಅರಿವಿನ ಹೊರೆಯ ಸಿದ್ಧಾಂತವನ್ನು 1980ರ ದಶಕದಲ್ಲಿ ಮುಂದಿಟ್ಟ ಜಾನ್ ಸ್ವೆಲ್ಲರ್ ಮತ್ತು ಅವರ ಸಹೋದ್ಯೋಗಿಗಳು, ಹೀಗೆ ಬಂದು ಮರೆಯಾಗುವ ಮಾಹಿತಿಯೇ ಕಲಿಕೆಗೆ ತೊಡಕಾಗುತ್ತದೆ ಎಂದು ತೋರಿಸಿದ್ದಾರೆ. ಬರಹ ಇದ್ದಲ್ಲೇ ಇರುತ್ತದೆ. ಓದುವಾಗ ನಮ್ಮ ಕಣ್ಣಿನ ಜಿಗಿತಗಳಲ್ಲಿ ಶೇ 10ರಿಂದ 15ರಷ್ಟು ಹಿಂದಕ್ಕೇ ಹೋಗುತ್ತವೆ. ಅರ್ಥವಾಗದ ಪದಕ್ಕೆ ಕಣ್ಣು ತಾನಾಗಿಯೇ ಮರಳಿ ಬರುತ್ತದೆ, ನಮ್ಮ ಅರಿವಿಗೂ ಬಾರದೆ. ವಿಡಿಯೊದಲ್ಲಿ ಅಷ್ಟೇ ಕೆಲಸಕ್ಕೆ ಬೆರಳು ಬೇಕು, ಅಂದಾಜು ಬೇಕು, ಮತ್ತೆ ಹತ್ತು ಸೆಕೆಂಡು ಕಾಯಬೇಕು.

ಇದಕ್ಕೊಂದು ದೊಡ್ಡ ಅಪವಾದವಿದೆ: ಮನುಷ್ಯರ ಕೈಚಳಕ. 2009ರಲ್ಲಿ ಸ್ವೆಲ್ಲರ್ ಅವರೂ ಇದ್ದ ತಂಡವೊಂದು ಕಾಗದ ಮಡಚುವ ಒರಿಗಾಮಿ ಕಲೆಯನ್ನು ಇಟ್ಟುಕೊಂಡು ಪ್ರಯೋಗ ಮಾಡಿದಾಗ, ಸ್ಥಿರಚಿತ್ರಗಳನ್ನು ನೋಡಿದವರಿಗಿಂತ ಚಲಿಸುವ ದೃಶ್ಯ ನೋಡಿದವರೇ ಚೆನ್ನಾಗಿ ಕಲಿತರು. ಇನ್ನೊಬ್ಬರ ಕೈ ನೋಡಿ ಕಲಿಯುವುದು ಮನುಷ್ಯಕುಲಕ್ಕೆ ಅಕ್ಷರಕ್ಕಿಂತ ಎಷ್ಟೋ ಹಳೆಯ ಅಭ್ಯಾಸ. ಆ ಹೊರೆ ನಮಗೆ ಹಗುರ ಎಂಬುದು ಅವರ ವಿವರಣೆ. ಕ್ಯಾಮೆರಾ ಎಲ್ಲಿದೆ ಎನ್ನುವುದೂ ಮುಖ್ಯ. ವಿದ್ಯುತ್ ಸರ್ಕ್ಯೂಟ್ ಜೋಡಿಸುವುದನ್ನು ಕಲಿಸಿದ 2017ರ ಅಧ್ಯಯನವೊಂದರಲ್ಲಿ, ಎದುರಿಗೆ ಕೂತು ತೆಗೆದ ವಿಡಿಯೊಗಿಂತ ಮಾಡುವವರ ಕಣ್ಣಿನ ಜಾಗದಿಂದಲೇ ತೆಗೆದದ್ದು ಹೆಚ್ಚು ಫಲ ಕೊಟ್ಟಿತು. ಎದುರಿನಿಂದ ನೋಡುವವರು ಎಡಬಲವನ್ನು ಮನಸ್ಸಿನಲ್ಲೇ ತಿರುಗಿಸಿಕೊಳ್ಳಬೇಕಲ್ಲ. ಇಷ್ಟಾದರೂ ಎಷ್ಟೋ ಸಹಾಯದ ವಿಡಿಯೊಗಳಲ್ಲಿ ಮಾತಾಡುವವರ ಮುಖವೇ ಕಾಣುತ್ತದೆ, ಕೈ ಮೂಲೆಗೆ ಸರಿದಿರುತ್ತದೆ. ಬೇಕಾದದ್ದು ಕೈ.

ಸಾಫ್ಟ್‌ವೇರ್ ವಿಷಯಕ್ಕೆ ಬಂದರೆ ಚಿತ್ರ ಇನ್ನಷ್ಟು ಸಂಕೀರ್ಣ. 1990ರ ದಶಕದ ಆರಂಭದಲ್ಲಿ ಸೂಸನ್ ಪಾಲ್ಮಿಟರ್ ಮತ್ತು ಜೇ ಎಲ್ಕರ್ಟನ್ ಎಂಬ ಸಂಶೋಧಕರು ಮ್ಯಾಕಿಂಟಾಷ್ ಕಂಪ್ಯೂಟರಿನ ಹೈಪರ್‌ಕಾರ್ಡ್ ಎಂಬ ತಂತ್ರಾಂಶವನ್ನು ಕೆಲವರಿಗೆ ಪರದೆಯ ಮೇಲಿನ ಪ್ರಾತ್ಯಕ್ಷಿಕೆಯಿಂದ, ಕೆಲವರಿಗೆ ಬರಹದ ಸೂಚನೆಗಳಿಂದ ಕಲಿಸಿದರು. ಕಲಿಯುವ ದಿನ ಪ್ರಾತ್ಯಕ್ಷಿಕೆ ನೋಡಿದವರೇ ಮುಂದಿದ್ದರು, ವೇಗದಲ್ಲೂ ನಿಖರತೆಯಲ್ಲೂ. ಒಂದು ವಾರದ ನಂತರ ಪರೀಕ್ಷಿಸಿದಾಗ ಆ ಮೇಲುಗೈ ಉಳಿದಿರಲಿಲ್ಲ. ಓದಿ ಕಲಿತವರು ಅವರನ್ನು ಹಿಂದಿಕ್ಕಿದ್ದರು. ನೋಡಿದವರು ಹಾಗೆಯೇ ಅನುಕರಿಸಿದ್ದರು, ಓದಿದವರು ಪದಗಳನ್ನು ಕ್ರಿಯೆಗೆ ಇಳಿಸಲು ತಲೆ ಉಪಯೋಗಿಸಿದ್ದರು. ಆ ಶ್ರಮವೇ ನೆನಪಾಗಿ ಉಳಿಯಿತು ಎಂದು ನನಗೆ ತೋರುತ್ತದೆ.

ಆದರೆ ಇದನ್ನು ಹಿಡಿದುಕೊಂಡು ವಿಡಿಯೊವನ್ನು ತಳ್ಳಿಹಾಕುವುದು ನ್ಯಾಯವಲ್ಲ. ಹಾನ್ಸ್ ವಾನ್ ಡರ್ ಮೇಯ್ ಮತ್ತು ಯಾನ್ ವಾನ್ ಡರ್ ಮೇಯ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಂಪ್ಯೂಟರಿನಲ್ಲಿ ಬರಹದ ಕಡತಗಳನ್ನು ಅಚ್ಚುಕಟ್ಟಾಗಿ ವಿನ್ಯಾಸಗೊಳಿಸಲು ಕಲಿಯುತ್ತಿದ್ದ ಶಾಲಾಮಕ್ಕಳಲ್ಲಿ ಕಾಗದದ ಪಾಠಕ್ಕಿಂತ ವಿಡಿಯೊ ಪಾಠವೇ ಗೆದ್ದಿತು. ಆ ವಿಡಿಯೊಗಳನ್ನು ಎಚ್ಚರದಿಂದ ತಯಾರಿಸಲಾಗಿತ್ತು, ಒಂದೊಂದು ಕೆಲಸಕ್ಕೆ ಒಂದೊಂದು ಚಿಕ್ಕ ತುಣುಕಿನಂತೆ. ಹೀಗೆ ತುಂಡು ಮಾಡುವುದರ ಪ್ರಯೋಜನವನ್ನು ರಿಚರ್ಡ್ ಮೇಯರ್ ಮತ್ತು ಪಾಲ್ ಚಾಂಡ್ಲರ್ 2001ರಲ್ಲೇ ತೋರಿಸಿದ್ದರು. ಮಿಂಚು ಹೇಗೆ ಹುಟ್ಟುತ್ತದೆ ಎಂಬ ಅನಿಮೇಷನ್ನನ್ನು ಒಂದೇ ಉಸಿರಿಗೆ ನೋಡಿದವರಿಗಿಂತ, ತುಣುಕು ಮುಗಿದಾಗಲೆಲ್ಲ ತಾವೇ ಬಟನ್ ಒತ್ತಿ ಮುಂದುವರಿದವರು ವಿಷಯವನ್ನು ಹೆಚ್ಚು ಆಳವಾಗಿ ಅರ್ಥ ಮಾಡಿಕೊಂಡಿದ್ದರು. ವೇಗದ ಹಿಡಿತ ನೋಡುವವರ ಕೈಗೆ ಬಂದಾಗ ವಿಡಿಯೊ ಬಹುಮಟ್ಟಿಗೆ ಪುಟದಂತೆಯೇ ಕೆಲಸ ಮಾಡುತ್ತದೆ.

ಬಳಕೆದಾರರಿಗೆ ಒಂದು ಮಾತನ್ನು ಒತ್ತಿ ಹೇಳಬೇಕು. ನೋಡಿದ್ದು ಬಂದೇಬಿಟ್ಟಿತು ಎಂಬ ಭಾವನೆಯನ್ನು ನಂಬಬೇಡಿ. ಮೈಕೆಲ್ ಕಾರ್ಡಾಸ್ ಮತ್ತು ಎಡ್ ಓಬ್ರಯನ್ 2018ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಮೇಜಿನ ಮೇಲಿನ ಪಾತ್ರೆಗಳು ಬೀಳದಂತೆ ಕೆಳಗಿನ ಬಟ್ಟೆ ಎಳೆಯುವುದು, ಮೂನ್‌ವಾಕ್ ಹೆಜ್ಜೆ, ಡಾರ್ಟ್ ಎಸೆತ ಮುಂತಾದವನ್ನು ಜನ ವಿಡಿಯೊದಲ್ಲಿ ನೋಡಿದರು. ಪದೇ ಪದೇ ನೋಡಿದವರಿಗೆ ‘ನಾನೂ ಮಾಡಬಲ್ಲೆ’ ಎಂಬ ವಿಶ್ವಾಸ ಬೆಳೆಯಿತು. ಸಾಮರ್ಥ್ಯ ಅದರ ಜೊತೆಗೆ ಬೆಳೆಯಲಿಲ್ಲ. ರಿಪೇರಿಯ ವಿಡಿಯೊವನ್ನು ಸೋಫಾದ ಮೇಲೆ ಪೂರ್ತಿ ನೋಡಿ ಮುಗಿಸಿ ಆಮೇಲೆ ಸ್ಕ್ರೂಡ್ರೈವರ್ ಹಿಡಿಯುವವರಿಗೆ ಆಗುವುದೂ ಇದೇ. ಮೊದಲು ಒಮ್ಮೆ ಮೇಲುಮೇಲಕ್ಕೆ ನೋಡಿ, ಆಮೇಲೆ ಒಂದು ಹೆಜ್ಜೆ ನೋಡಿ ನಿಲ್ಲಿಸಿ, ಮಾಡಿ, ಮುಂದಿನದಕ್ಕೆ ಹೋಗುವುದು ವಾಸಿ.

ಹೆಸರು, ಅಂಕಿ, ಸಂಕೇತಗಳ ಲೋಕದಲ್ಲಿ ಮಾತ್ರ ಬರಹಕ್ಕೆ ಸಾಟಿಯಿಲ್ಲ. ರೂಟರಿನ ವಿಳಾಸ 192.168.1.1 ಎಂದು ಯಾರೋ ಓದಿ ಹೇಳುವುದನ್ನು ಕೇಳಿ ಟೈಪ್ ಮಾಡಬೇಕಾಗಿ ಬಂದವರಿಗೆ ಇದು ಗೊತ್ತು. ದೀಪ ಎಷ್ಟು ಸಲ ಮಿನುಗಿದರೆ ಯಾವ ದೋಷ, ಯಾವ ಮೆನುವಿನೊಳಗೆ ಯಾವ ಆಯ್ಕೆ ಇದೆ ಎಂಬುದನ್ನೆಲ್ಲ ಬರಹದಲ್ಲಿ ಒಂದು ಪದ ಹುಡುಕಿ ತಲುಪಬಹುದು, ನಕಲು ಮಾಡಿ ಅಂಟಿಸಲೂಬಹುದು. ಸಾಫ್ಟ್‌ವೇರ್ ಅಪ್‌ಡೇಟ್ ಆಗಿ ಬಟನ್ನಿನ ಹೆಸರು ಬದಲಾದರೆ ಬರಹದಲ್ಲಿ ಒಂದು ಪದ ತಿದ್ದಿದರಾಯಿತು. ವಿಡಿಯೊ ಮತ್ತೆ ಚಿತ್ರೀಕರಣ ಆಗಬೇಕು, ಹೆಚ್ಚಿನ ಸಲ ಆಗುವುದಿಲ್ಲ. ಕಿವಿ ಕೇಳಿಸದವರಿಗೆ ಅಡಿಬರಹವಿಲ್ಲದ ವಿಡಿಯೊ ಮೂಕ. ಕಣ್ಣು ಕಾಣದವರ ಸ್ಕ್ರೀನ್ ರೀಡರ್ ಬರಹವನ್ನು ಓದಿ ಹೇಳುತ್ತದೆ, ‘ಇಗೋ ಇದನ್ನು ಹೀಗೆ ಒತ್ತಿ’ ಎನ್ನುವ ದೃಶ್ಯವನ್ನು ಓದಲಾರದು. ಬರಹವೇ ಇಲ್ಲದೆ ಬರೀ ವಿಡಿಯೊ ಕೊಟ್ಟು ಕೈತೊಳೆದುಕೊಳ್ಳುವ ತಯಾರಕರನ್ನು ನಾನು ಒಪ್ಪಲಾರೆ.

ಸುರಕ್ಷತೆಯ ವಿಷಯದಲ್ಲಂತೂ ಇನ್ನೂ ಬಿಗಿಯಾಗಿರಬೇಕು. ಮೈಕ್ರೋವೇವ್ ಓವನ್ನಿನ ಒಳಗಿನ ಕೆಪಾಸಿಟರಿನಲ್ಲಿ ಪ್ಲಗ್ ಕಿತ್ತ ಮೇಲೂ ಪ್ರಾಣ ತೆಗೆಯಬಲ್ಲಷ್ಟು ವಿದ್ಯುತ್ ಉಳಿದಿರಬಹುದು. ವಿಡಿಯೊದ ಮೊದಲ ನಿಮಿಷದಲ್ಲಿ ಇದನ್ನು ಹೇಳಿದ್ದರೂ, ತನಗೆ ಬೇಕಾದ ಭಾಗಕ್ಕೆ ನೇರವಾಗಿ ನಾಲ್ಕನೇ ನಿಮಿಷಕ್ಕೆ ಹಾರಿದವರ ಕಿವಿಗೆ ಅದು ಬಿದ್ದಿರುವುದಿಲ್ಲ. ಆ ಎಚ್ಚರಿಕೆ ಹೊರಕವಚ ಬಿಚ್ಚುವ ದೃಶ್ಯದಲ್ಲೇ ದಪ್ಪ ಅಕ್ಷರದಲ್ಲಿ ಪರದೆಯ ಮೇಲಿರಬೇಕು. ಜೊತೆಗಿನ ಬರಹದಲ್ಲಿ, ಕವಚ ಬಿಚ್ಚಿ ಎನ್ನುವ ಸಾಲಿಗಿಂತ ಒಂದು ಸಾಲು ಮೊದಲೇ ಇರಬೇಕು.