ಬಂಡೆ ಬಿಡದ ಮೀನು, ಸುಂದರ್ ಲಾಲ್ ಹೋರಾ ಹುಡುಕಿದ ದಾರಿ

ಒಬ್ಬ ವಿಜ್ಞಾನಿ ಜೀವನಪೂರ್ತಿ ಸಿಹಿನೀರಿನ ಮೀನಿನ ಮೇಲೇ ಕೆಲಸ ಮಾಡಿದ್ರು ಅಂದ ತಕ್ಷಣ ಜನ ಮೀನು ಸಾಕಣೆ ಅಂದ್ಕೊಳ್ತಾರೆ, ಇಲ್ಲಾಂದ್ರೆ ಬಾಟಲಿಯಲ್ಲಿಟ್ಟ ಮೀನಿಗೆ ಲ್ಯಾಟಿನ್ ಹೆಸರು ಅಂಟಿಸೋ ಕೆಲಸ ಅಂತಾರೆ. ಈ ಮಾತು ಕೇಳಿದಾಗೆಲ್ಲ ನನಗೆ ಸುಂದರ್ ಲಾಲ್ ಹೋರಾ ಅವರ ಕಥೆ ಹೇಳದೆ ಇರೋಕಾಗಲ್ಲ. ಬೆರಳುದ್ದದ ಮೀನುಗಳ ಹೊಟ್ಟೆ ಯಾಕೆ ಇಷ್ಟು ಚಪ್ಪಟೆ ಅಂತ ಕೇಳ್ತಾ ಶುರುಮಾಡಿದವರು, ಕೊನೆಗೆ ಅಸ್ಸಾಮಿನ ಬೆಟ್ಟಗಳಿಗೂ ನಮ್ಮ ಸಹ್ಯಾದ್ರಿಗೂ ಒಂದು ಕಾಲದಲ್ಲಿ ದಾರಿ ಇತ್ತಾ ಅನ್ನೋ ಪ್ರಶ್ನೆಗೆ ಬಂದು ನಿಂತರು. ಆ ದಾರಿ ಇತ್ತು ಅಂತ ಅವರು ಹೇಳಿದ್ದನ್ನ ಬೀಳಿಸೋ ಗಟ್ಟಿ ವಾದ ಅವರ ಯೌವನದ ಪೇಪರುಗಳಲ್ಲೇ ಸಿಗುತ್ತೆ. ನನಗೆ ಅತ್ಯಂತ ಇಷ್ಟವಾದ ಭಾಗ ಅದೇ.

ಹೋರಾ ಹುಟ್ಟಿದ್ದು 1896ರಲ್ಲಿ, ಈಗ ಪಾಕಿಸ್ತಾನದಲ್ಲಿರೋ ಹಫೀಜಾಬಾದ್‌ನಲ್ಲಿ. ಲಾಹೋರಲ್ಲಿ ಓದಿದರು. ಜೂವಲಾಜಿಕಲ್ ಸರ್ವೇ ಆಫ್ ಇಂಡಿಯಾದ ಮೊದಲ ಡೈರೆಕ್ಟರ್ ಥಾಮಸ್ ನೆಲ್ಸನ್ ಆನಂಡೇಲ್ ಕಣ್ಣಿಗೆ ಬಿದ್ದು 1919ರಲ್ಲಿ ಕಲ್ಕತ್ತೆಗೆ ಸೇರಿದರು, ಮಣಿಪುರದ ಮೀನು ಮತ್ತು ಮೀನುಗಾರಿಕೆ ಬಗ್ಗೆ ಬರೆದದ್ದು 1921ರಲ್ಲೇ ಅಚ್ಚಾಯ್ತು. ಆಮೇಲೆ 1928ರಲ್ಲಿ ಎಡಿನ್‌ಬರೋದಿಂದ ಡಿಎಸ್ಸಿ, 1947ರಲ್ಲಿ ಅದೇ ಸರ್ವೇಗೆ ಡೈರೆಕ್ಟರ್, 1955ರಲ್ಲಿ ಸಾವು. ಬಯೋಡೇಟಾ ಇಷ್ಟೇ. ಅಸಲಿ ವಿಷಯ ತೊರೆಯಲ್ಲಿದೆ.

ಮಳೆಗಾಲದಲ್ಲಿ ಘಟ್ಟದ ತೊರೆ ಇಳಿಯೋ ರಭಸಕ್ಕೆ ದೊಡ್ಡ ಕಲ್ಲುಗಳೇ ಉರುಳ್ತವೆ, ಆದರೆ ಅದರೊಳಗೆ ಬಂಡೆ ಮೇಲೆ ಒಂದು ಪುಟ್ಟ ಮೀನು ಆರಾಮಾಗಿ ಕೂತಿರುತ್ತೆ. ಅದರ ಮೈಯಲ್ಲಿ ಅಂಟು ಇದೆ ಅಂತ ತುಂಬಾ ಜನ ನಂಬಿದ್ದಾರೆ, ಅದು ತಪ್ಪು. ಮೊದಲು ನೀರನ್ನ ಅರ್ಥ ಮಾಡ್ಕೊಬೇಕು. ಹರಿಯೋ ನೀರು ಬಂಡೆಗೆ ತಾಗಿದ ಜಾಗದಲ್ಲಿ ಘರ್ಷಣೆಯಿಂದ ನಿಧಾನ ಆಗುತ್ತೆ, ಮೇಲೆ ಹೋದಷ್ಟೂ ವೇಗ, ಬಂಡೆ ಮೈಗೆ ಒತ್ತಿಕೊಂಡ ತೆಳು ಪದರದಲ್ಲಿ ಮಾತ್ರ ಸೆಳೆತ ಕಮ್ಮಿ. ಮೀನು ಚಪ್ಪಟೆಯಾದಷ್ಟೂ ಈ ಪದರಕ್ಕೆ ಹತ್ತಿರ, ನೀರು ತಳ್ಳೋಕೆ ಸಿಗೋ ಎದೆಯೂ ಸಣ್ಣದು. ಪಶ್ಚಿಮ ಘಟ್ಟದ ಭವಾನಿಯ, ಬಲಿಟೋರ ಥರದ ಮೀನುಗಳಲ್ಲಿ ಎದೆಯ ರೆಕ್ಕೆ, ಹೊಟ್ಟೆಯ ರೆಕ್ಕೆ ಎರಡೂ ಅಡ್ಡಕ್ಕೆ ಅಗಲವಾಗಿ ಹರಡಿ ಬಂಡೆ ಮೇಲೆ ಮಲಗಿರ್ತವೆ. ರೆಕ್ಕೆಯ ಹೊರಗಿನ ಕಡ್ಡಿಗಳ ಅಡಿಯಲ್ಲಿ ದಪ್ಪ ಚರ್ಮದ ಮೆತ್ತೆ ಇದೆ, ಅದು ಕಲ್ಲನ್ನ ಹಿಡಿಯುತ್ತೆ. ಹಾಗಿದ್ರೂ ಅಂಚಿನಿಂದ ಹೊಟ್ಟೆ ಅಡಿಗೆ ನೀರು ನುಗ್ಗುತ್ತೆ ಅಲ್ವಾ, ನುಗ್ಗಿದ ನೀರು ಮೀನನ್ನ ಮೇಲಕ್ಕೆತ್ತಿದ್ರೆ ಕಥೆ ಮುಗೀತು. ಅದಕ್ಕೇ ಒಳಗಿನ ಕಡ್ಡಿಗಳು ಒಂದೇ ಸಮನೆ ಅಲ್ಲಾಡ್ತಾ, ದೋಣಿಯೊಳಗೆ ಸೋರಿದ ನೀರನ್ನ ಮೊಗೆದು ಹೊರಗೆ ಚೆಲ್ಲೋ ಹಾಗೆ, ಆ ನೀರನ್ನ ಹಿಂದಕ್ಕೆ ತಳ್ತಾನೇ ಇರ್ತವೆ. ಒಂದೇ ರೆಕ್ಕೆ, ಅರ್ಧ ಹಿಡಿತಕ್ಕೆ, ಅರ್ಧ ಪಂಪಿಗೆ! ಇನ್ನು ತೇಲೋಕೆ ಸಹಾಯ ಮಾಡೋ ಗಾಳಿಚೀಲ ಈ ಮೀನಿಗೆ ಕುತ್ತು ತರೋ ವಸ್ತು, ಹಾಗಾಗಿ ಅದು ಕುಗ್ಗಿ ಎಲುಬಿನ ಗೂಡೊಳಗೆ ಸೇರ್ಕೊಂಡಿದೆ.

ಹೋರಾ ಇಲ್ಲಿಗೇ ನಿಂತಿದ್ರೆ ಒಂದು ಒಳ್ಳೆ ವರ್ಣನೆ ಆಗ್ತಿತ್ತು ಅಷ್ಟೆ. ಅವರು ಬೇರೆ ಬೇರೆ ಪ್ರಾಣಿಗಳನ್ನ ಪಕ್ಕ ಪಕ್ಕ ಇಟ್ಟು ನೋಡಿದರು. ಗಾರಾ ಅನ್ನೋದು ರೋಹು ಕಾಟ್ಲಾಗಳ ಬಳಗದ ಮೀನು, ಅದು ಕೆಳದುಟಿ ಹಿಂದಿರೋ ಬಿಲ್ಲೆಯಿಂದ ಕಲ್ಲು ಹಿಡಿಯುತ್ತೆ. ಗ್ಲಿಪ್ಟೊಥೊರ್ಯಾಕ್ಸ್ ಮೀಸೆ ಮೀನುಗಳ ಕಡೆಯದು, ಅದಕ್ಕೆ ಎದೆ ಮೇಲೆ ಮಡಿಕೆ ಮಡಿಕೆ ಚರ್ಮ. ಬಲಿಟೋರ ಮೂರನೇ ಬಳಗ. ಮೀನು ಬಿಡಿ, ರಭಸದ ನೀರಲ್ಲಿ ಬೆಳೆಯೋ ಕೆಲವು ಕಪ್ಪೆಗಳ ಗೊದಮೊಟ್ಟೆಗೂ ಹೊಟ್ಟೆಯಡಿ ಹೀರುಬಟ್ಟಲು, ಕೆಲವು ಕೀಟಗಳ ಮರಿಹುಳಕ್ಕೂ ಅದೇ. 1930ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಬಂದ ಅವರ ದೊಡ್ಡ ಪ್ರಬಂಧದ ಜೀವಾಳ ಇದು. ನೆಂಟಸ್ತಿಕೆ ಇಲ್ಲದ ಪ್ರಾಣಿಗಳನ್ನೂ ರಭಸದ ನೀರು ಒಂದೇ ಅಚ್ಚಿಗೆ ತರುತ್ತೆ ಅಂತ ಅದರಿಂದ ಗೊತ್ತಾಗುತ್ತೆ. ಈ ಮಾತು ನೆನಪಲ್ಲಿರಲಿ, ಮುಂದೆ ಬೇಕಾಗುತ್ತೆ.

ಇವರಿಗೆ ಹಳೇ ಕಡತಗಳ ಹುಚ್ಚೂ ಇತ್ತು. ಟಿಪ್ಪು ಸತ್ತ ಮರುವರ್ಷ 1800ರಲ್ಲಿ ಮೈಸೂರು ಸೀಮೆ ಸುತ್ತಿ ಬೆಳೆ, ಜನ, ಕಸುಬು ಎಲ್ಲಾ ಬರೆದಿಟ್ಟ ಫ್ರಾನ್ಸಿಸ್ ಬುಕಾನನ್ ಹೆಸರು ನಮ್ಮ ಇತಿಹಾಸ ಓದುಗರಿಗೆ ಚೆನ್ನಾಗಿ ಗೊತ್ತು, ಆದರೆ ಅದೇ ಮನುಷ್ಯ ಹ್ಯಾಮಿಲ್ಟನ್ ಅಂತ ಹೆಸರು ಬದಲಿಸ್ಕೊಂಡು 1822ರಲ್ಲಿ ಗಂಗೆಯ ಮೀನುಗಳ ಬಗ್ಗೆ ಮೂಲಗ್ರಂಥ ಬರೆದ ಅನ್ನೋದು ಎಷ್ಟು ಜನಕ್ಕೆ ಗೊತ್ತು? ಅವನು ಬರೆಸಿದ ಮೀನಿನ ಚಿತ್ರಗಳನ್ನ ಅವನು ಊರಿಗೆ ಹೊರಟಾಗ ಸರ್ಕಾರ ಕಲ್ಕತ್ತೆಯಲ್ಲೇ ಉಳಿಸ್ಕೊಂಡಿತ್ತು, ನೂರು ವರ್ಷ ದಾಟಿದ ಮೇಲೆ ಹೋರಾ ಅವನ್ನ ಅವನ ವರ್ಣನೆಗಳ ಜೊತೆ ತಾಳೆ ಹಾಕಿ 1929ರಲ್ಲಿ ಪ್ರಕಟಿಸಿದರು.

ಇನ್ನೊಂದು ನಮಗೆ ಇನ್ನೂ ಹತ್ತಿರದ್ದು. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದ ಅಂತ ಒಂದು ಭಾಗ ಇದೆ, ಗಾಳ ಹಾಕಿ ಮೀನು ಹಿಡಿಯೋದರ ಬಗ್ಗೆ. ಯಾವ ಮೀನು ಎಲ್ಲಿರುತ್ತೆ, ಅದಕ್ಕೆ ಯಾವ ಎರೆ, ದಾರ ಹೇಗಿರಬೇಕು, ಎಲ್ಲಾ ಇದೆ. ಹೋರಾ 1951ರಲ್ಲಿ ಈ ಭಾಗದ ಬಗ್ಗೆ ಬರೆದರು. ನಮ್ಮಲ್ಲಿ ಒಂದು ಗುಂಪು ಹಳೇ ಗ್ರಂಥದಲ್ಲಿ ಎಲ್ಲಾ ವಿಜ್ಞಾನ ಇದೆ ಅಂತ ಕೂಗುತ್ತೆ, ಇನ್ನೊಂದು ಗುಂಪು ಅದೆಲ್ಲ ಬರೀ ಕಟ್ಟುಕಥೆ ಅಂತ ಮೂಲೆಗೆ ಹಾಕುತ್ತೆ, ಎರಡೂ ಕಡೆಯವರು ಪುಸ್ತಕ ತೆರೆದು ನೋಡಿರಲ್ಲ. ಹೋರಾ ತೆರೆದು ನೋಡಿದರು, ಅದರಲ್ಲಿರೋ ಒಂದೊಂದು ಹೆಸರೂ ನದಿಯಲ್ಲಿರೋ ಯಾವ ಮೀನಿಗೆ ಹೊಂದುತ್ತೆ ಅಂತ ಪರೀಕ್ಷೆ ಮಾಡಿದರು. ಶೃಂಗೇರಿಯ ತುಂಗೆಯಲ್ಲಿ ದೇವರ ಮೀನಿಗೆ ಅಕ್ಕಿ ಹಾಕಿ ಕೈ ಮುಗಿಯೋದು ತಪ್ಪಲ್ಲ, ಆದರೆ ಆ ಮೀನು ಮೊಟ್ಟೆ ಇಡೋಕೆ ಎಲ್ಲಿಗೆ ಹೋಗುತ್ತೆ ಅಂತ ಕೇಳೋರೂ ಬೇಕಲ್ಲ.

ಈಗ ದಾರಿ ವಿಷಯ. ಸಹ್ಯಾದ್ರಿಯ ತೊರೆಗಳ ಎಷ್ಟೋ ಮೀನುಗಳಿಗೆ ಹತ್ತಿರದ ಹೋಲಿಕೆ ಸಿಗೋದು ಅಸ್ಸಾಂ, ಬರ್ಮಾ, ಮಲಯದ ಕಡೆ, ನಡುವೆ ಒಣ ಮಧ್ಯಭಾರತ. ಈ ಮೀನು ಉಪ್ಪುನೀರಲ್ಲಿ ಬದುಕಲ್ಲ, ಬಯಲಿನ ನಿಧಾನದ ಕೆಸರುನೀರೂ ಅದಕ್ಕೆ ಆಗಲ್ಲ. ಹಾಗಾದ್ರೆ ಬಂದದ್ದು ಹೇಗೆ? 1940ರ ದಶಕದಲ್ಲಿ ಹೋರಾ ಹೇಳಿದ್ದು ಹೀಗೆ: ಹಿಮಯುಗದ ಕಾಲಕ್ಕೆ ವಿಂಧ್ಯ ಸಾತ್ಪುರ ಸಾಲು ಈಗಿಗಿಂತ ಹಸಿಯಾಗಿತ್ತು, ಮೇಘಾಲಯದ ಗಾರೋ ಬೆಟ್ಟದಿಂದ ಜಾರ್ಖಂಡಿನ ರಾಜಮಹಲ್ ಬೆಟ್ಟ, ಅಲ್ಲಿಂದ ಸಾತ್ಪುರ, ಅಲ್ಲಿಂದ ಸಹ್ಯಾದ್ರಿಯ ಉತ್ತರ ತುದಿ, ಆಮೇಲೆ ದಕ್ಷಿಣಕ್ಕೆ, ತೊರೆಯಿಂದ ತೊರೆಗೆ ತಲೆಮಾರುಗಟ್ಟಲೆ ಇಳಿದು ಬಂದವು. ಒಂದು ಹೊಳೆಯ ತಲೆ ಬೆಟ್ಟ ಕೊರೀತಾ ಹಿಂದಕ್ಕೆ ಹೋಗಿ ಪಕ್ಕದ ಹೊಳೆಯನ್ನ ಸೀಳಿ ತನ್ನ ಕಡೆ ತಿರುಗಿಸ್ಕೊಳ್ಳುತ್ತೆ, ನೀರಿನ ಜೊತೆ ಮೀನೂ ಬರುತ್ತೆ. ಇದೇ ಸಾತ್ಪುರ ಸಿದ್ಧಾಂತ, 1949ರಲ್ಲಿ ಇದರ ಮೇಲೆ ವಿಚಾರ ಸಂಕಿರಣವೇ ನಡೀತು.

ಈಗ 1930ರ ಮಾತನ್ನ ತನ್ನಿ. ರಭಸದ ನೀರು ನೆಂಟರಲ್ಲದವರನ್ನೂ ಒಂದೇ ಥರ ಮಾಡುತ್ತೆ ಅಂದ ಮೇಲೆ, ಮಲಯದ ಮೀನೂ ಸಹ್ಯಾದ್ರಿಯ ಮೀನೂ ಒಂದೇ ಥರ ಇದ್ರೆ ಅದು ನೆಂಟಸ್ತಿಕೆಗೆ ಸಾಕ್ಷಿ ಆಗುತ್ತಾ? ತಾನಾಗೇ ಆಗಲ್ಲ. 2003ರಲ್ಲಿ ಪ್ರವೀಣ್ ಕಾರಂತ್ ಅನ್ನೋ ಜೀವವಿಜ್ಞಾನಿ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಬರೆದದ್ದು ಇದೇ ಥರದ ಪ್ರಶ್ನೆ ಬಗ್ಗೆ, ಹೋಲಿಕೆ ಬಿಟ್ಟು ವಂಶವೃಕ್ಷ ಕಟ್ಟಿ ಪರೀಕ್ಷಿಸಿ ಅಂತ. ಹೊಮಲೊಪ್ಟೆರ ಅನ್ನೋ ಕುಲ ಮಲಯದಲ್ಲೂ ಇದೆ ನಮ್ಮ ಘಟ್ಟದಲ್ಲೂ ಇದೆ ಅಂತ ಬಹಳ ಕಾಲ ಹೇಳ್ತಿದ್ರಲ್ಲ, 2015ರಲ್ಲಿ ನಮ್ಮ ಘಟ್ಟದವು ಆ ಕುಲಕ್ಕೆ ಸೇರಿದವೇ ಅಲ್ಲ ಅಂತ ತೀರ್ಮಾನಿಸಿ ಘಟ್ಸ ಅನ್ನೋ ಹೊಸ ಕುಲ ಮಾಡಿದರು.

ಇದನ್ನ ಹಿಡ್ಕೊಂಡು ಹೋರಾ ಸೋತರು ಅನ್ನೋರ ಜೊತೆ ನಾನು ಒಪ್ಪಲ್ಲ. ಅವರು ದಾರಿಯ ದಿಕ್ಕನ್ನೂ ಕಾಲವನ್ನೂ ಬಿಡಿಸಿ ಹೇಳಿಹೋದರು, ಅದಕ್ಕೇ ಇವತ್ತು ಡಿಎನ್ಎ ಇಟ್ಕೊಂಡು ಕೇಳೋಕಾಗ್ತಿದೆ. ಅವರು ಹೇಳಿದ್ದು ಸರಿಯಾದ್ರೆ ವಂಶವೃಕ್ಷದ ಬುಡದ ಕೊಂಬೆಗಳು ಈಶಾನ್ಯದಲ್ಲಿರಬೇಕು, ತುದಿಯವು ದಕ್ಷಿಣ ಸಹ್ಯಾದ್ರಿಯಲ್ಲಿ, ಕವಲು ಒಡೆದದ್ದು ಹಿಮಯುಗ ಶುರುವಾದ ಮೇಲೆ, ಅಂದ್ರೆ ಕಳೆದ 26 ಲಕ್ಷ ವರ್ಷದೊಳಗೆ. ಕವಲು ಅದಕ್ಕಿಂತ ಬಹಳ ಹಳೇದು ಅಂತ ಬಂದ್ರೆ ಆ ಮೀನಿನ ಮಟ್ಟಿಗೆ ಹಿಮಯುಗದ ದಾರಿ ಇಲ್ಲ, ಇನ್ನೊಂದು ಮೀನಿಗೆ ಮತ್ತೆ ಮೊದಲಿಂದ ಲೆಕ್ಕ ಹಾಕ್ಬೇಕು.